ನಾರ್ನಿಯಾ ಬರೆದ ಜ್ಯಾಕ್

ಹತ್ತೊಂಬತ್ತು ತುಂಬಿದ ದಿನ ನಮ್ಮಲ್ಲಿ ಏನಾಗುತ್ತೆ? ಹಾಸ್ಟೆಲ್‌ನಲ್ಲಿದ್ರೆ ರಾತ್ರಿ ಹನ್ನೆರಡಕ್ಕೆ ಬಾಗಿಲು ಬಡಿದು ಎಬ್ಬಿಸಿ, ಮುಖಕ್ಕೆಲ್ಲಾ ಕೇಕ್ ಬಳಿದು, ಬೆನ್ನಿಗೆ ನಾಲ್ಕು ಗುದ್ದು ಕೊಟ್ಟು ಹೋಗ್ತಾರೆ. ಮನೆಯಲ್ಲಿದ್ರೆ ಅಮ್ಮ ಪಾಯಸ ಮಾಡ್ತಾರೆ. 1917ರ ನವೆಂಬರ್ 29ರಂದು ಒಬ್ಬ ಹುಡುಗನಿಗೆ ಹತ್ತೊಂಬತ್ತು ತುಂಬಿತು. ಅವತ್ತು ಅವನು ಫ್ರಾನ್ಸ್‌ನಲ್ಲಿ, ಮೊದಲನೇ ಮಹಾಯುದ್ಧದ ಮುಂಚೂಣಿಯ ಕಂದಕಕ್ಕೆ ಬಂದು ಸೇರಿದ. ಪಾಯಸ ಮಾಡೋಕೆ ಅವನಿಗೆ ಅಮ್ಮ ಇರಲಿಲ್ಲ. ಅಷ್ಟು ಹೊತ್ತಿಗೆ ಅವಳು ತೀರಿಕೊಂಡು ಒಂಬತ್ತು ವರ್ಷ ಆಗಿತ್ತು.

ಆ ಹುಡುಗನ ಹೆಸರು ಕ್ಲೈವ್ ಸ್ಟೇಪಲ್ಸ್ ಲೂಯಿಸ್. ಪುಸ್ತಕದ ಮೇಲೆ ನಾವು ನೋಡಿರೋ ಹೆಸರು ಸಿ. ಎಸ್. ಲೂಯಿಸ್. ನಾರ್ನಿಯಾ ಬರೆದವರು.

ನಾರ್ನಿಯಾ ಓದದವರಿಗೆ ಎರಡು ಮಾತು. ಯುದ್ಧದ ಸಮಯದಲ್ಲಿ ಲಂಡನ್‌ನಿಂದ ನಾಲ್ಕು ಮಕ್ಕಳನ್ನು ಹಳ್ಳಿಯ ಕಡೆ ಒಬ್ಬ ವಯಸ್ಸಾದ ಪ್ರೊಫೆಸರ್ ಮನೆಗೆ ಕಳಿಸ್ತಾರೆ. ಅಲ್ಲಿ ಮನೆಯೆಲ್ಲಾ ಸುತ್ತಿ ನೋಡ್ತಾ ಚಿಕ್ಕವಳು ಲೂಸಿ ಒಂದು ದೊಡ್ಡ ಮರದ ಬೀರುವಿನೊಳಗೆ ಹೋಗುತ್ತಾಳೆ. ತೂಗುಹಾಕಿರೋ ಕೋಟುಗಳನ್ನು ಸರಿಸಿಕೊಂಡು ಹಿಂದೆ ಹೋದರೆ ಬೀರುವಿನ ಹಲಗೆ ಸಿಗೋದಿಲ್ಲ, ಹಿಮ ಬಿದ್ದಿರೋ ಕಾಡು ಸಿಗುತ್ತೆ. ಅದೇ ನಾರ್ನಿಯಾ. ಅಲ್ಲಿ ಪ್ರಾಣಿಗಳು ಮಾತಾಡ್ತವೆ, ಅಸ್ಲಾನ್ ಅನ್ನೋ ಸಿಂಹ ಎಲ್ಲರಿಗೂ ದೊಡ್ಡದು. ಒಟ್ಟು ಏಳು ಪುಸ್ತಕಗಳು. ನಮ್ಮಲ್ಲಿ ತುಂಬಾ ಜನ ಇವನ್ನು ಶಾಲೆಯ ಲೈಬ್ರರಿ ಪೀರಿಯಡ್‌ನಲ್ಲಿ ಓದಿದ್ದೀವಿ, ಇಲ್ಲಾಂದ್ರೆ 2005ರ ಸಿನಿಮಾ ಟಿವಿಯಲ್ಲಿ ನೋಡಿದ್ದೀವಿ.

ಈ ಸೆಮಿಸ್ಟರ್ ರಜೆಯಲ್ಲಿ ನಾನು ಏಳನ್ನೂ ಮತ್ತೆ ಓದಿದೆ. ಐದನೇ ಕ್ಲಾಸಿನಲ್ಲಿ ಓದುವಾಗ ಕತ್ತಿ, ಯುದ್ಧ, ಮಾಟಗಾತಿ, ಮಾತಾಡೋ ಇಲಿ ಇವೇ ಮುಖ್ಯ ಅನ್ನಿಸಿತ್ತು. ಈಗ ಓದಿದಾಗ ಆರನೇ ಪುಸ್ತಕದಲ್ಲಿ ಮನಸ್ಸು ನಿಂತುಬಿಡ್ತು. ಅದರಲ್ಲಿ ಹಾಸಿಗೆ ಹಿಡಿದಿರೋ ಒಬ್ಬ ಅಮ್ಮ ಇದ್ದಾಳೆ. ಅವಳ ಮಗನಿಗೆ ನಾರ್ನಿಯಾ ಹುಟ್ಟೋದನ್ನು ಕಣ್ಣಾರೆ ನೋಡುವಾಗಲೂ ಅಮ್ಮನದೇ ಯೋಚನೆ. ಈ ಅಮ್ಮ ಎಲ್ಲಿಂದ ಬಂದಳು ಅಂತ ಹುಡುಕಿಕೊಂಡು ಹೋದರೆ ಲೂಯಿಸ್ ಅವರ ಜೀವನದ ಕಥೆ ಸಿಗುತ್ತೆ. ಅದನ್ನೇ ಇಲ್ಲಿ ಹೇಳ್ತೀನಿ.

ಬೆಲ್‌ಫಾಸ್ಟ್‌ನ ಮನೆ

ಲೂಯಿಸ್ ಹುಟ್ಟಿದ್ದು 1898ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಅದು ಹಡಗು ಕಟ್ಟುವ ಊರು. ಟೈಟಾನಿಕ್ ಕಟ್ಟಿದ್ದು ಅಲ್ಲೇ. ಇವನ ತಾತ ರಿಚರ್ಡ್ ಲೂಯಿಸ್ ನಮ್ಮ ಕಡೆಯವರೇ, ಅಂದ್ರೆ ಎಂಜಿನಿಯರಿಂಗ್ ಕಡೆಯವರು. ಸಾಮಾನ್ಯ ಕೆಲಸಗಾರನಾಗಿ ಶುರು ಮಾಡಿ, ಕೊನೆಗೆ ಬಾಯ್ಲರ್ ಮತ್ತು ಕಬ್ಬಿಣದ ಹಡಗು ತಯಾರಿಸುವ ಕಂಪನಿಯಲ್ಲಿ ಪಾಲುದಾರರಾದವರು. ಅಪ್ಪ ಆಲ್ಬರ್ಟ್ ವಕೀಲರು. ಅಮ್ಮ ಫ್ಲೋರಾ, ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತೋದೇ ಅಪರೂಪವಾಗಿದ್ದ ಕಾಲದಲ್ಲಿ ಗಣಿತ ಮತ್ತು ತರ್ಕಶಾಸ್ತ್ರ ಓದಿ ಪದವಿ ಪಡೆದವರು. ಮಗನಿಗೆ ಫ್ರೆಂಚ್ ಮತ್ತು ಲ್ಯಾಟಿನ್ ಶುರು ಮಾಡಿಸಿದ್ದೂ ಅವರೇ. ಮೂರು ವರ್ಷ ದೊಡ್ಡವನಾದ ಅಣ್ಣ ವಾರೆನ್. ಮನೆಯಲ್ಲಿ ವಾರ್ನಿ ಅಂತಿದ್ರು.

ಕ್ಲೈವ್ ಅನ್ನೋ ಹೆಸರು ಈ ಹುಡುಗನಿಗೆ ಹಿಡಿಸಲಿಲ್ಲ. ನಾಲ್ಕು ವರ್ಷದವನಿದ್ದಾಗ ಒಂದು ದಿನ ತನ್ನ ಹೆಸರು ಜ್ಯಾಕ್ಸಿ ಅಂತ ತಾನೇ ಘೋಷಣೆ ಮಾಡಿದ. ಬೇರೆ ಹೆಸರಿನಿಂದ ಕರೆದರೆ ತಿರುಗಿ ನೋಡ್ತಾ ಇರಲಿಲ್ಲ. ಅದೇ ಮುಂದೆ ಜ್ಯಾಕ್ ಆಯ್ತು. ಹತ್ತಿರದವರಿಗೆ ಅವನು ಸಾಯೋವರೆಗೂ ಜ್ಯಾಕ್.

1905ರಲ್ಲಿ ಕುಟುಂಬ ಊರ ಹೊರಗೆ ಒಂದು ದೊಡ್ಡ ಮನೆಗೆ ಬಂತು. ಹೆಸರು ಲಿಟಲ್ ಲೀ. ಉದ್ದುದ್ದ ಓಣಿಗಳಂಥ ಪ್ಯಾಸೇಜು, ಖಾಲಿ ಕೋಣೆಗಳು, ಹೆಂಚಿನ ಕೆಳಗಿನ ಅಟ್ಟ, ಎಲ್ಲೆಲ್ಲೂ ಪುಸ್ತಕ. ಅಪ್ಪ ಅಮ್ಮ ಇಬ್ಬರೂ ಕೊಂಡ ಪುಸ್ತಕ ಯಾವುದನ್ನೂ ಮನೆಯಿಂದ ಹೊರಗೆ ಹಾಕುತ್ತಿರಲಿಲ್ಲ. ಆ ಮನೆಯಲ್ಲಿ ತಾತ ರಿಚರ್ಡ್ ಕೈಯಾರೆ ಮಾಡಿ ಕೆತ್ತನೆ ಬಿಡಿಸಿದ್ದ ಒಂದು ಮರದ ಬೀರು ಇತ್ತು. ಮಕ್ಕಳು ಅದರೊಳಗೆ ಕೂತು ಜ್ಯಾಕ್ ಹೇಳೋ ಕಥೆ ಕೇಳ್ತಿದ್ರಂತೆ. ಆ ಬೀರು ಈಗ ಅಮೆರಿಕದ ಇಲಿನಾಯ್ ರಾಜ್ಯದ ವೀಟನ್ ಎಂಬ ಊರಿನಲ್ಲಿ ನೋಡೋಕೆ ಸಿಗುತ್ತೆ.

ಅಣ್ಣ ತಮ್ಮ ಇಬ್ಬರಿಗೂ ಅಪ್ಪನಿಂದ ಬಂದ ಒಂದು ತೊಂದರೆ ಇತ್ತು. ಹೆಬ್ಬೆರಳಿನ ಮೇಲಿನ ಗೆಣ್ಣು ಸರಿಯಾಗಿ ಮಡಚುತ್ತಿರಲಿಲ್ಲ. ಕತ್ತರಿ ಹಿಡಿಯೋದು, ರಟ್ಟಿನಲ್ಲಿ ಏನಾದರೂ ಮಾಡೋದು ಜ್ಯಾಕ್‌ಗೆ ಆಗ್ತಾನೇ ಇರಲಿಲ್ಲ. ನಮ್ಮ ವರ್ಕ್‌ಶಾಪ್ ಲ್ಯಾಬಿಗೆ ಬಂದಿದ್ದರೆ ಫಿಟ್ಟಿಂಗ್‌ನಲ್ಲಿ ಪಾಸಾಗೋದು ಕಷ್ಟ ಇತ್ತು. ಹಡಗು, ಮನೆ, ಎಂಜಿನ್ ಮಾಡೋ ಆಸೆ ತುಂಬಾ ಇತ್ತು, ಕೈ ಕೇಳ್ತಿರಲಿಲ್ಲ. ಹಾಗಾಗಿ ಬರೆಯೋಕೆ ಕೂತ.

ಬರೆದದ್ದು ಏನು? ಬಟ್ಟೆ ಹಾಕಿಕೊಂಡು ಓಡಾಡೋ ಪ್ರಾಣಿಗಳ ದೇಶದ ಕಥೆ. ವಾರ್ನಿ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಯಿಂದ ರಜೆಗೆ ಬಂದಾಗ ಅವನದೂ ಒಂದು ದೇಶ ಇರುತ್ತಿತ್ತು. ಅದರ ಹೆಸರು ಇಂಡಿಯಾ! ಹೌದು, ನಮ್ಮದೇ. ತಮ್ಮನ ಪ್ರಾಣಿಗಳ ದೇಶವನ್ನೂ ಅಣ್ಣನ ಇಂಡಿಯಾವನ್ನೂ ಸೇರಿಸಿ ಬಾಕ್ಸೆನ್ ಅಂತ ಒಂದು ರಾಜ್ಯ ಮಾಡಿದರು. ಮ್ಯಾಪ್‌ನಲ್ಲಿ ಹೊಂದಿಸಬೇಕಲ್ಲ, ಅದಕ್ಕೆ ಇಂಡಿಯಾವನ್ನು ಕಿತ್ತು ಒಂದು ದ್ವೀಪ ಮಾಡಿ, ಹಿಮಾಲಯದ ಹಿಂದೆ ಸಮುದ್ರ ಇಟ್ಟರು. ಹಡಗುಗಳು ಹೋಗೋ ದಾರಿಯನ್ನೂ ಗೆರೆ ಎಳೆದು ತೋರಿಸಿದರು.

1908

ಆ ವರ್ಷದ ಶುರುವಿನಲ್ಲಿ ಅಮ್ಮ ಖಾಯಿಲೆ ಬಿದ್ದಳು. ಕ್ಯಾನ್ಸರ್. ಫೆಬ್ರವರಿಯಲ್ಲಿ ಆಪರೇಷನ್ ಆಯ್ತು, ಮನೆಯಲ್ಲೇ. ಆಗಿನ ಕಾಲದಲ್ಲಿ ಹಾಗೆ ಮಾಡುತ್ತಿದ್ದರು. ಸ್ವಲ್ಪ ದಿನ ಚೇತರಿಸಿಕೊಂಡ ಹಾಗೆ ಕಾಣಿಸಿತು. ಏಪ್ರಿಲ್‌ನಲ್ಲಿ ಬೀರು ಕೆತ್ತಿದ ತಾತ ತೀರಿಕೊಂಡರು. ಬೇಸಿಗೆಯಲ್ಲಿ ಅಮ್ಮನ ಖಾಯಿಲೆ ಮತ್ತೆ ಮರುಕಳಿಸಿತು.

ಒಂದು ರಾತ್ರಿ ಜ್ಯಾಕ್‌ಗೆ ತಲೆನೋವು, ಹಲ್ಲುನೋವು. ಅಮ್ಮ ಬರಲಿ ಅಂತ ಅಳ್ತಾ ಮಲಗಿದ್ದ. ಅಮ್ಮ ಬರಲಿಲ್ಲ. ಅವಳ ಕೋಣೆಯಲ್ಲಿ ಡಾಕ್ಟರುಗಳು, ಮನೆ ತುಂಬಾ ಹೆಜ್ಜೆ ಸಪ್ಪಳ, ಬಾಗಿಲು ತೆಗೆದು ಹಾಕೋ ಸದ್ದು. ಕೊನೆಗೆ ಅಪ್ಪ ಬಂದರು, ಅಳ್ತಾ ಬಂದರು. ಏನಾಗುತ್ತಿದೆ ಅಂತ ಮಗನಿಗೆ ತಿಳಿಸಿ ಹೇಳೋಕೆ ಪ್ರಯತ್ನಪಟ್ಟರು.

ಜ್ಯಾಕ್ ದೇವರನ್ನು ಬೇಡಿಕೊಂಡ. ನಂಬಿಕೆ ಗಟ್ಟಿ ಇದ್ದರೆ ಕೇಳಿದ್ದು ಸಿಗುತ್ತೆ ಅಂತ ಅವನಿಗೆ ಯಾರೋ ಹೇಳಿದ್ದರು. ಹಾಗಾಗಿ ಅಮ್ಮ ಹುಷಾರಾಗ್ತಾಳೆ ಅಂತ ಗಟ್ಟಿಯಾಗಿ ನಂಬೋಕೆ ಕೂತ. ಆಗಸ್ಟ್ 23ರಂದು ಅಮ್ಮ ಹೋದಳು. ಅವತ್ತು ಅಪ್ಪನ ಹುಟ್ಟುಹಬ್ಬ. ಅಪ್ಪನ ಕೋಣೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು, ದಿನಕ್ಕೊಂದು ಷೇಕ್ಸ್‌ಪಿಯರ್ ಮಾತು ಇರುತ್ತಿತ್ತು. ಅವತ್ತಿನ ಹಾಳೆಯಲ್ಲಿ ಕಿಂಗ್ ಲಿಯರ್ ನಾಟಕದ ಒಂದು ಸಾಲು ಇತ್ತು. ಮನುಷ್ಯ ಹೋಗೋದನ್ನು ಸಹಿಸಿಕೊಳ್ಳಲೇಬೇಕು ಅನ್ನೋ ಅರ್ಥದ್ದು. ಈ ಕ್ಯಾಲೆಂಡರ್ ನೆನಪಿಟ್ಟುಕೊಳ್ಳಿ.

ಜ್ಯಾಕ್‌ಗೆ ಆಗ ಒಂಬತ್ತು ವರ್ಷ. ಒಂದೇ ತಿಂಗಳೊಳಗೆ ಅವನನ್ನು ಅಣ್ಣನ ಜೊತೆ ಹಡಗು ಹತ್ತಿಸಿ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಆ ಶಾಲೆಯ ಹೆಡ್‌ಮಾಸ್ಟರ್ ಮಕ್ಕಳನ್ನು ಸಿಕ್ಕಾಪಟ್ಟೆ ಹೊಡೆಯುತ್ತಿದ್ದ ಮನುಷ್ಯ. ಮುಂದೆ ಅವನಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ತೀರ್ಮಾನವಾಯ್ತು. 1910ರಲ್ಲಿ ಶಾಲೆಯೇ ಮುಚ್ಚಿತು. ಆಲ್ಬರ್ಟ್ ಕೆಟ್ಟ ಅಪ್ಪ ಅಲ್ಲ. ಆರೇ ತಿಂಗಳಲ್ಲಿ ತಂದೆ, ಹೆಂಡತಿ, ಅಣ್ಣ ಮೂವರನ್ನೂ ಕಳಕೊಂಡಿದ್ದ ಮನುಷ್ಯ ಅವರು. ಆದರೆ ದುಃಖದಲ್ಲಿ ಮಕ್ಕಳ ಹತ್ತಿರ ಬರೋದು ಹೇಗೆ ಅಂತ ಅವರಿಗೆ ಗೊತ್ತಾಗಲಿಲ್ಲ. ಮಕ್ಕಳಿಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡರು. ಆ ಅಂಟು ಐವತ್ತೈದು ವರ್ಷ ಬಿಡಲಿಲ್ಲ.

ಮ್ಯಾಥ್ಸ್ ಫೇಲು, ಯುದ್ಧ ಪಾಸು

ಎರಡು ಮೂರು ಶಾಲೆ ಸುತ್ತಿ, ಎಲ್ಲೂ ಹೊಂದಿಕೊಳ್ಳದೆ, ಕೊನೆಗೆ 1914ರಲ್ಲಿ ಜ್ಯಾಕ್ ಸರ್ರೆ ಪ್ರಾಂತ್ಯದ ಗ್ರೇಟ್ ಬುಕಂ ಎಂಬ ಹಳ್ಳಿಯಲ್ಲಿದ್ದ ಕರ್ಕ್‌ಪ್ಯಾಟ್ರಿಕ್ ಎಂಬ ಮೇಷ್ಟ್ರ ಮನೆಗೆ ಬಂದ. ಅವರು ಹಿಂದೆ ಅಪ್ಪನಿಗೂ ಪಾಠ ಹೇಳಿದ್ದವರು. ಸುಮ್ಮನೆ ಮಾತಿಗೆ ಒಂದು ಮಾತು ಅಂದ್ರೂ ಅದಕ್ಕೆ ಆಧಾರ ಏನು ಅಂತ ಕೇಳೋ ಮನುಷ್ಯ. ಇಂಥವರ ಮುಂದೆ ವೈವಾ ಕೊಡೋದನ್ನು ನೆನೆಸಿಕೊಳ್ಳಿ! ಜ್ಯಾಕ್‌ಗೆ ಮಾತ್ರ ಅದು ಹಬ್ಬ ಆಯ್ತು. ಎರಡೂವರೆ ವರ್ಷದಲ್ಲಿ ಗ್ರೀಕ್, ಲ್ಯಾಟಿನ್, ಇಟಾಲಿಯನ್ ಎಲ್ಲಾ ಓದಿದ. ದೇವರಿಲ್ಲ ಅಂತ ಅಷ್ಟು ಹೊತ್ತಿಗೆ ತೀರ್ಮಾನಿಸಿಬಿಟ್ಟಿದ್ದ.

ಆಕ್ಸ್‌ಫರ್ಡ್‌ಗೆ ಸ್ಕಾಲರ್‌ಶಿಪ್ ಸಿಕ್ಕಿತು. ಆದರೆ ಯೂನಿವರ್ಸಿಟಿ ಸೇರೋಕೆ ರೆಸ್ಪಾನ್ಷನ್ಸ್ ಅಂತ ಇನ್ನೊಂದು ಪರೀಕ್ಷೆ ಇತ್ತು. ಅದರಲ್ಲಿ ಗಣಿತವೂ ಇತ್ತು. ಗಣಿತದಲ್ಲಿ ಡಿಗ್ರಿ ಮಾಡಿದ್ದ ತಾಯಿಯ ಮಗ ಆಲ್ಜೀಬ್ರಾದಲ್ಲಿ ಫೇಲ್ ಆದ. ಆ ಬ್ಯಾಕ್ ಅವನು ಕ್ಲಿಯರ್ ಮಾಡಲೇ ಇಲ್ಲ. ಯುದ್ಧದಿಂದ ವಾಪಸ್ ಬಂದ ಸೈನಿಕರಿಗೆ ಆ ಪರೀಕ್ಷೆಯಿಂದ ವಿನಾಯಿತಿ ಕೊಟ್ಟರು. ಅದರಿಂದ ಬಚಾವಾದ. ಇಲ್ಲದಿದ್ದರೆ ಆಕ್ಸ್‌ಫರ್ಡ್‌ನ ಮೇಷ್ಟ್ರು ಸಿ. ಎಸ್. ಲೂಯಿಸ್ ಇರುತ್ತಿರಲಿಲ್ಲ. ಎಂ-2 ಬ್ಯಾಕ್ ಇಟ್ಟುಕೊಂಡಿರೋ ಗೆಳೆಯರು ಇದನ್ನು ಮನೆಯಲ್ಲಿ ಉದಾಹರಣೆಯಾಗಿ ಕೊಡಬಹುದು, ಕೆಲಸ ಮಾಡುತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ.

ಆದರೆ ಆ ವಿನಾಯಿತಿಯ ಬೆಲೆ ಕಮ್ಮಿಯದಲ್ಲ. ಟ್ರೇನಿಂಗ್‌ನಲ್ಲಿ ಜ್ಯಾಕ್‌ನ ರೂಮ್‌ಮೇಟ್ ಆಗಿದ್ದವನು ಪ್ಯಾಡಿ ಮೂರ್. ಇಬ್ಬರೂ ಮಾತು ಕೊಟ್ಟುಕೊಂಡರು: ಒಬ್ಬ ಸತ್ತರೆ ಅವನ ಮನೆಯವರನ್ನು ಇನ್ನೊಬ್ಬ ನೋಡಿಕೊಳ್ಳೋದು. 1918ರ ಮಾರ್ಚ್‌ನಲ್ಲಿ ಪ್ಯಾಡಿ ಸತ್ತ. ಏಪ್ರಿಲ್ 15ರಂದು ಜ್ಯಾಕ್‌ನ ಪಕ್ಕದಲ್ಲೇ ಒಂದು ಶೆಲ್ ಬಿತ್ತು. ಅದು ಶತ್ರುವಿನದ್ದಲ್ಲ, ದೂರ ಸಾಲದೆ ನಡುವೆ ಬಿದ್ದ ತಮ್ಮದೇ ಕಡೆಯ ಶೆಲ್. ಹತ್ತಿರದಲ್ಲಿದ್ದ ಸಾರ್ಜೆಂಟ್ ಅಲ್ಲೇ ಸತ್ತರು. ಜ್ಯಾಕ್‌ನ ಎದೆಯೊಳಗೆ ಸೇರಿದ ಚೂರು ಎಷ್ಟೋ ವರ್ಷ ಅಲ್ಲೇ ಇತ್ತು. ಲಂಡನ್ ಆಸ್ಪತ್ರೆಯಲ್ಲಿ ಮಲಗಿ, ಬಂದು ನೋಡಿ ಅಂತ ಅಪ್ಪನಿಗೆ ಕಾಗದ ಬರೆದ. ಅಪ್ಪ ಬರಲಿಲ್ಲ. ಪ್ಯಾಡಿಯ ಅಮ್ಮ ಬಂದರು.

ಕೊಟ್ಟ ಮಾತಿನಂತೆ ಜ್ಯಾಕ್ ಆ ತಾಯಿಯನ್ನೂ ಅವರ ಮಗಳನ್ನೂ ತನ್ನ ಜೊತೆ ಇಟ್ಟುಕೊಂಡ. ಶ್ರೀಮತಿ ಮೂರ್ 1951ರಲ್ಲಿ ತೀರಿಕೊಳ್ಳೋವರೆಗೂ, ಅಂದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಅವರ ಜವಾಬ್ದಾರಿ ಅವನದೇ.

ಆಕ್ಸ್‌ಫರ್ಡ್‌ನ ಮೇಷ್ಟ್ರು

ಯುದ್ಧ ಮುಗಿದ ಮೇಲೆ ಲೂಯಿಸ್ ಆಕ್ಸ್‌ಫರ್ಡ್‌ನಲ್ಲಿ ಮೂರು ಫಸ್ಟ್ ಕ್ಲಾಸ್ ತೆಗೆದುಕೊಂಡರು. 1925ರಲ್ಲಿ ಅಲ್ಲಿನ ಮ್ಯಾಗ್ಡಲೆನ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಮರುವರ್ಷ ಪರಿಚಯವಾದವರು ಜೆ. ಆರ್. ಆರ್. ಟೋಲ್ಕಿನ್. ಹೌದು, ಲಾರ್ಡ್ ಆಫ್ ದಿ ರಿಂಗ್ಸ್ ಟೋಲ್ಕಿನ್. ಇಬ್ಬರೂ ಹಳೆಯ ಉತ್ತರ ಯುರೋಪಿನ ಪುರಾಣಗಳ ಹುಚ್ಚಿನವರು. ಇಬ್ಬರೂ ಯುದ್ಧ ನೋಡಿ ಬಂದವರು. ಇಬ್ಬರೂ ಚಿಕ್ಕಂದಿನಲ್ಲೇ ಅಮ್ಮನನ್ನು ಕಳಕೊಂಡವರು.

ಇವರ ಗೆಳೆಯರ ಗುಂಪಿಗೆ ಇಂಕ್ಲಿಂಗ್ಸ್ ಅಂತ ಹೆಸರಿತ್ತು. ಗುರುವಾರ ರಾತ್ರಿ ಲೂಯಿಸ್ ರೂಮಿನಲ್ಲಿ ಸೇರಿ ಬರೆದದ್ದನ್ನು ಓದೋದು, ಮುಲಾಜಿಲ್ಲದೆ ಟೀಕೆ ಮಾಡೋದು. ಮಂಗಳವಾರ ಬೆಳಿಗ್ಗೆ ಈಗಲ್ ಅಂಡ್ ಚೈಲ್ಡ್ ಅನ್ನೋ ಪಬ್‌ನಲ್ಲಿ ಹರಟೆ. ವರ್ಷಗಟ್ಟಲೆ ಮುಗಿಯದೆ ಎಳೆದಾಡಿದ ಲಾರ್ಡ್ ಆಫ್ ದಿ ರಿಂಗ್ಸ್ ಮುಗಿಸಿ ಅಂತ ಟೋಲ್ಕಿನ್ ಬೆನ್ನು ಬಿದ್ದವರಲ್ಲಿ ಲೂಯಿಸ್ ಮೊದಲಿಗರು.

1931ರ ಸೆಪ್ಟೆಂಬರ್‌ನ ಒಂದು ರಾತ್ರಿ ಟೋಲ್ಕಿನ್ ಮತ್ತು ಇನ್ನೊಬ್ಬ ಗೆಳೆಯ ಹ್ಯೂಗೋ ಡೈಸನ್ ಜೊತೆ ಕಾಲೇಜಿನ ತೋಟದಲ್ಲಿ ಓಡಾಡ್ತಾ ಪುರಾಣ ಸುಳ್ಳೋ ನಿಜವೋ ಅಂತ ಬಹಳ ಹೊತ್ತಿನ ಚರ್ಚೆ ಆಯ್ತು. ಕೆಲವೇ ದಿನದಲ್ಲಿ, ವಾರ್ನಿ ಓಡಿಸುತ್ತಿದ್ದ ಮೋಟಾರ್ ಸೈಕಲ್ಲಿನ ಸೈಡ್‌ಕಾರ್‌ನಲ್ಲಿ ಕೂತು ಝೂಗೆ ಹೋಗುವಾಗ, ಲೂಯಿಸ್ ತಾನು ಕ್ರಿಶ್ಚಿಯನ್ ಅಂತ ಒಪ್ಪಿಕೊಂಡರು. ಎರಡನೇ ಮಹಾಯುದ್ಧದ ಸಮಯದಲ್ಲಿ ಬಿಬಿಸಿ ರೇಡಿಯೋದಲ್ಲಿ ಧರ್ಮದ ಬಗ್ಗೆ ಮಾತಾಡಿ ಮನೆಮಾತಾದರು. ನಾರ್ನಿಯಾದ ಸಿಂಹದಲ್ಲಿ ಕ್ರಿಸ್ತ ಇದ್ದಾನೆ ಅನ್ನೋದು ದೊಡ್ಡವರಾಗಿ ಓದಿದರೆ ಬೇಗ ಗೊತ್ತಾಗುತ್ತೆ. ಲೂಯಿಸ್ ಅದನ್ನು ಮುಚ್ಚಿಡಲೂ ಇಲ್ಲ. ಬೇರೆ ಧರ್ಮದಲ್ಲಿ ಬೆಳೆದ ನನಗೆ ಅದು ಅಡ್ಡ ಬರಲಿಲ್ಲ. ಮಗುವಾಗಿದ್ದಾಗ ನನಗೆ ಅಸ್ಲಾನ್ ಒಂದು ಸಿಂಹ ಅಷ್ಟೇ, ಅದರ ಕೇಸರದಲ್ಲಿ ಮುಖ ಹುದುಗಿಸಬೇಕು ಅನ್ನಿಸ್ತಿತ್ತು. ಈಗಲೂ ಅನ್ನಿಸುತ್ತೆ.

ಕೊಡೆ ಹಿಡಿದವನ ಚಿತ್ರ

ಹದಿನಾರು ವರ್ಷದವರಿದ್ದಾಗಿಂದ ಲೂಯಿಸ್ ತಲೆಯಲ್ಲಿ ಒಂದು ಚಿತ್ರ ಇತ್ತು. ಹಿಮ ಬಿದ್ದ ಕಾಡಿನಲ್ಲಿ ಅರ್ಧ ಮನುಷ್ಯ ಅರ್ಧ ಮೇಕೆಯಂಥ ಒಂದು ಜೀವಿ, ಕೈಯಲ್ಲಿ ಕೊಡೆ, ಬಗಲಲ್ಲಿ ಪಾರ್ಸೆಲ್. ಅದಕ್ಕೆ ಕಥೆ ಇರಲಿಲ್ಲ. 1939ರಲ್ಲಿ ಯುದ್ಧ ಶುರುವಾಗಿ ಲಂಡನ್ ಮಕ್ಕಳು ಅವರ ದಿ ಕಿಲ್ನ್ಸ್ ಎಂಬ ಮನೆಗೆ ಬಂದು ಉಳಿದಾಗ ಕಥೆಯ ಮೊದಲ ಎಳೆ ಸಿಕ್ಕಿತು. ಪುಸ್ತಕ ಮುಗಿದದ್ದು ಹತ್ತು ವರ್ಷದ ನಂತರ.

ಆ 1949ನೇ ಇಸವಿ ಅವರಿಗೆ ಸುಖದ ವರ್ಷವೇನಲ್ಲ. ವಯಸ್ಸಾದ ಶ್ರೀಮತಿ ಮೂರ್ ಅವರ ಸೇವೆ, ವಾರ್ನಿಯ ಕುಡಿತ, ಕಾಲೇಜಿನ ಕೆಲಸ. ಜೂನ್‌ನಲ್ಲಿ ಸುಸ್ತಾಗಿ ಬಿದ್ದು ಆಸ್ಪತ್ರೆ ಸೇರಿದರು. ಕರಡು ಓದಿ ಕೇಳಿಸಿದಾಗ ಟೋಲ್ಕಿನ್‌ಗೆ ಅದು ಹಿಡಿಸಲೇ ಇಲ್ಲ. ಗ್ರೀಕ್ ಪುರಾಣದ ಜೀವಿ, ಕ್ರಿಸ್‌ಮಸ್ ತಾತ, ಮಾತಾಡೋ ನೀರುನಾಯಿ ಎಲ್ಲ ಒಂದೇ ಕಥೆಯಲ್ಲಿ ಕಲಸಿದ್ದು ಅವರಿಗೆ ಸರಿ ಕಾಣಲಿಲ್ಲ. ಆದರೂ ಲೂಯಿಸ್ ನಿಲ್ಲಿಸಲಿಲ್ಲ. 1950ರಲ್ಲಿ ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್ ಬಂತು. ಆಮೇಲೆ ವರ್ಷಕ್ಕೊಂದರಂತೆ 1956ರವರೆಗೆ ಏಳು. ಪಾಲಿನ್ ಬೇನ್ಸ್ ಏಳಕ್ಕೂ ಚಿತ್ರ ಬರೆದರು.

ಮೊದಲ ಪುಸ್ತಕವನ್ನು ಗೆಳೆಯ ಓವೆನ್ ಬಾರ್‌ಫೀಲ್ಡ್ ಅವರ ಮಗಳು ಲೂಸಿಗೆ ಅರ್ಪಿಸಿದ್ದಾರೆ. ಅರ್ಪಣೆ ಒಂದು ಚಿಕ್ಕ ಕಾಗದದ ಥರ ಇದೆ. ನಾನು ಬರೆದು ಮುಗಿಸೋದರೊಳಗೆ ನೀನು ಇಂಥ ಕಥೆಗಳ ವಯಸ್ಸು ದಾಟಿಬಿಟ್ಟಿದ್ದೀಯ, ಆದರೆ ಮುಂದೊಂದು ದಿನ ಇವನ್ನು ಮತ್ತೆ ಓದುವಷ್ಟು ದೊಡ್ಡವಳಾಗ್ತೀಯ ಅನ್ನೋದು ಅದರ ತಾತ್ಪರ್ಯ. ಚಿಕ್ಕಂದಿನಲ್ಲಿ ಈ ಪುಟವನ್ನು ಯಾರು ಓದ್ತಾರೆ? ನಾವೆಲ್ಲ ನೇರ ಮೊದಲನೇ ಅಧ್ಯಾಯಕ್ಕೆ ಹೋಗೋರು. ಎರಡನೇ ಸಲ ಓದುವಾಗಲೇ ಅದು ಕಣ್ಣಿಗೆ ಬೀಳೋದು. ಎರಡನೇ ಸಲ ಓದುವವರಿಗೂ ಈ ಪುಸ್ತಕದಲ್ಲಿ ಜಾಗ ಇದೆ ಅಂತ ಅವರಿಗೆ ಬರೆಯುವಾಗಲೇ ಗೊತ್ತಿತ್ತು.

ಆ ಸೇಬು

ಈಗ ಆರನೇ ಪುಸ್ತಕಕ್ಕೆ ಬರೋಣ. ದಿ ಮೆಜಿಷಿಯನ್ಸ್ ನೆಫ್ಯೂ, 1955. ಇದನ್ನು ಲೂಯಿಸ್ ಬೇಗನೇ ಶುರು ಮಾಡಿ, ನಡುವೆ ಬಿಟ್ಟು, ಬೇರೆ ಪುಸ್ತಕಗಳನ್ನು ಬರೆದು, ಎಲ್ಲಕ್ಕಿಂತ ಕೊನೆಗೆ ಮುಗಿಸಿದರು.

ಕಥೆ ಇಷ್ಟು. ಡಿಗೊರಿ ಎಂಬ ಹುಡುಗ ಲಂಡನ್‌ನಲ್ಲಿ ಮಾವನ ಮನೆಯಲ್ಲಿ ಇದ್ದಾನೆ. ಅಪ್ಪ ಇಂಡಿಯಾದಲ್ಲಿ. ಅಮ್ಮ ಹಾಸಿಗೆಯಲ್ಲಿ, ಬದುಕೋದು ಅನುಮಾನ. ಮಾಯದ ಉಂಗುರದಿಂದ ಅವನೂ ಗೆಳತಿ ಪಾಲಿಯೂ ಬೇರೆ ಲೋಕಗಳಿಗೆ ಹೋಗ್ತಾರೆ. ಅಲ್ಲಿ ಡಿಗೊರಿ ಒಂದು ಘಂಟೆ ಬಾರಿಸಿ ಮಾಟಗಾತಿಯನ್ನು ಎಬ್ಬಿಸಿಬಿಡ್ತಾನೆ. ಅವಳು ಆಗತಾನೇ ಹುಟ್ಟುತ್ತಿರೋ ನಾರ್ನಿಯಾಕ್ಕೆ ಬಂದು ಸೇರ್ತಾಳೆ. ನಾರ್ನಿಯಾವನ್ನು ಕಾಪಾಡೋಕೆ ದೂರದ ತೋಟದಿಂದ ಒಂದು ಸೇಬು ತಂದುಕೊಡು ಅಂತ ಅಸ್ಲಾನ್ ಅವನನ್ನೇ ಕಳಿಸುತ್ತೆ. ತೋಟದಲ್ಲಿ ಮಾಟಗಾತಿ ಸಿಗ್ತಾಳೆ. ಈ ಸೇಬು ಸಿಂಹಕ್ಕೆ ಯಾಕೆ, ಕದ್ದು ನಿನ್ನ ಅಮ್ಮನಿಗೆ ಕೊಡು, ಬದುಕ್ತಾಳೆ ಅಂತಾಳೆ.

ಡಿಗೊರಿ ಕದಿಯಲ್ಲ. ಅಮ್ಮ ಸಾಯ್ತಾಳೆ ಅಂತ ಗೊತ್ತಿದ್ದೂ ಸೇಬನ್ನು ತಂದು ಒಪ್ಪಿಸ್ತಾನೆ. ಅದಕ್ಕೂ ಮುಂಚೆ ಒಂದು ಜಾಗ ಇದೆ. ಅಮ್ಮನನ್ನು ಉಳಿಸು ಅಂತ ಕೇಳಿ ಡಿಗೊರಿ ತಲೆ ಎತ್ತಿ ನೋಡಿದರೆ ಸಿಂಹದ ಕಣ್ಣಲ್ಲಿ ಅವನ ಕಣ್ಣೀರಿಗಿಂತ ದೊಡ್ಡ ಕಣ್ಣೀರು. ಐದನೇ ಕ್ಲಾಸಿನಲ್ಲಿ ಈ ಸಾಲನ್ನು ದಾಟಿಕೊಂಡು ಹೋಗಿದ್ದು ನೆನಪಿಲ್ಲ. ಈಗ ದಾಟೋಕೆ ಆಗಲಿಲ್ಲ. 1908ರಲ್ಲಿ ಒಂಬತ್ತು ವರ್ಷದ ಜ್ಯಾಕ್ ಬೇಡಿಕೊಂಡಾಗ ಅವನ ಜೊತೆ ಅಳುವವರು ಯಾರೂ ಇದ್ದ ಹಾಗೆ ಅವನಿಗೆ ಅನ್ನಿಸಲಿಲ್ಲ. ಐವತ್ತು ದಾಟಿದ ಲೂಯಿಸ್ ಆ ಹುಡುಗನ ಎದುರು ಒಂದು ಸಿಂಹವನ್ನು ನಿಲ್ಲಿಸಿ ಅಳಿಸಿದರು.

ಆಮೇಲೆ ಅಸ್ಲಾನ್ ತಾನಾಗೇ ಒಂದು ಸೇಬು ಕೊಟ್ಟು ಕಳಿಸುತ್ತೆ. ಅಮ್ಮ ತಿಂದು ನಿದ್ದೆ ಮಾಡ್ತಾಳೆ, ಹುಷಾರಾಗ್ತಾಳೆ. ಅಪ್ಪ ಇಂಡಿಯಾದಿಂದ ವಾಪಸ್ ಬರ್ತಾರೆ. ಸೇಬಿನ ಉಳಿದ ಭಾಗವನ್ನು ಡಿಗೊರಿ ಹಿತ್ತಲಲ್ಲಿ ಹೂಳ್ತಾನೆ. ಮರ ಬೆಳೆಯುತ್ತೆ. ಎಷ್ಟೋ ವರ್ಷದ ಮೇಲೆ ಗಾಳಿಗೆ ಆ ಮರ ಬಿದ್ದಾಗ, ಪ್ರೊಫೆಸರ್ ಆಗಿರೋ ಡಿಗೊರಿ ಅದರಿಂದ ಒಂದು ಬೀರು ಮಾಡಿಸ್ತಾನೆ. ಮೊದಲ ಪುಸ್ತಕದಲ್ಲಿ ಲೂಸಿ ಒಳಗೆ ಹೋದ ಬೀರು ಅದೇ. ಅಮ್ಮನನ್ನು ಉಳಿಸಿದ ಹಣ್ಣಿನ ಮರದಿಂದಲೇ ನಾರ್ನಿಯಾದ ಬಾಗಿಲು ಆಗಿದೆ.

ಮತ್ತೆ ಓದಿದಾಗ ಕಂಡಿದ್ದೆಲ್ಲ ಒಳ್ಳೆಯದೇ ಅಂತ ಹೇಳಲ್ಲ. ನಾರ್ನಿಯಾದ ದಕ್ಷಿಣಕ್ಕೆ ಕ್ಯಾಲೊರ್ಮೆನ್ ಅಂತ ಒಂದು ದೇಶ. ಅಲ್ಲಿನವರು ಕಪ್ಪು ಮೈಬಣ್ಣದವರು, ಮುಂಡಾಸು ಸುತ್ತಿ ಬಾಗಿದ ಕತ್ತಿ ಹಿಡಿದವರು, ಬಹುಪಾಲು ಕ್ರೂರಿಗಳು. ಅರೇಬಿಯನ್ ನೈಟ್ಸ್ ಓದಿದ ಇಂಗ್ಲಿಷರ ಕಣ್ಣಿನ ಪೂರ್ವ ದೇಶ ಇದು. ಚಿಕ್ಕಂದಿನಲ್ಲಿ ನಾನೂ ನಾರ್ನಿಯಾದವರ ಪಕ್ಷವೇ. ಈಗ ಓದುವಾಗ, ಈ ಮ್ಯಾಪ್‌ನಲ್ಲಿ ನನ್ನನ್ನು ನಿಲ್ಲಿಸಿದರೆ ಯಾವ ಕಡೆ ನಿಲ್ಲಿಸ್ತಾರೆ ಅಂತ ಯೋಚನೆ ಬರುತ್ತೆ, ಕಸಿವಿಸಿ ಆಗುತ್ತೆ. ಅಲ್ಲಿಂದಲೇ ಅರಾವಿಸ್ ಎಂಬ ಧೈರ್ಯದ ಹುಡುಗಿಯನ್ನೂ, ಕೊನೆಯ ಪುಸ್ತಕದಲ್ಲಿ ಎಮೆತ್ ಎಂಬ ಒಳ್ಳೆಯ ಸೈನಿಕನನ್ನೂ ಲೂಯಿಸ್ ತಂದಿದ್ದಾರೆ ನಿಜ. ಆದರೂ ಕಸಿವಿಸಿ ಪೂರ್ತಿ ಹೋಗಲ್ಲ. ತಮಾಷೆ ಏನಂದ್ರೆ ಅಸ್ಲಾನ್ ಅನ್ನೋ ಹೆಸರೇ ಟರ್ಕಿ ಭಾಷೆಯದು. ಅಲ್ಲಿ ಅದರ ಅರ್ಥ ಸಿಂಹ.

ಇನ್ನೊಂದು ಸೂಸನ್. ಕೊನೆಯ ಪುಸ್ತಕದಲ್ಲಿ ಎಲ್ಲರೂ ಅಸ್ಲಾನ್ ಲೋಕ ಸೇರಿದಾಗ ಅವಳೊಬ್ಬಳು ಇಲ್ಲ. ಲಿಪ್‌ಸ್ಟಿಕ್, ಪಾರ್ಟಿ ಅಂತ ಓಡಾಡಿ ನಾರ್ನಿಯಾವನ್ನು ಮಕ್ಕಳಾಟ ಅಂತ ಮರೆತಳಂತೆ. ಚಿಕ್ಕಂದಿನಲ್ಲಿ ನನಗೂ ಅವಳ ಮೇಲೆ ಸಿಟ್ಟಿತ್ತು. ಈಗ ನೋಡಿದರೆ, ಒಂದೇ ರೈಲು ಅಪಘಾತದಲ್ಲಿ ಅಣ್ಣ, ತಮ್ಮ, ತಂಗಿ, ಅಪ್ಪ, ಅಮ್ಮ ಎಲ್ಲರನ್ನೂ ಕಳಕೊಂಡು ಉಳಿದವಳು ಅವಳು. ಆಗ ಅವಳಿಗೆ ಹೆಚ್ಚುಕಮ್ಮಿ ನಮ್ಮ ವಯಸ್ಸು. ಲೂಯಿಸ್‌ಗೆ ಮಕ್ಕಳಿಂದ ರಾಶಿ ಕಾಗದ ಬರುತ್ತಿತ್ತು, ಅವರು ಉತ್ತರ ಕೊಡುತ್ತಿದ್ದರು. ಸೂಸನ್ ಬಗ್ಗೆ ಕೇಳಿದ ಒಬ್ಬ ಹುಡುಗನಿಗೆ, ಅವಳು ಇನ್ನೂ ಬದುಕಿದ್ದಾಳೆ, ಅವಳಿಗೆ ಇನ್ನೂ ಸಮಯ ಇದೆ ಅಂತ ತಿಳಿಸಿದರು. ಅವಳ ಕಥೆಯನ್ನು ಮಾತ್ರ ಬರೆಯಲಿಲ್ಲ.

ಮತ್ತೆ ಇಬ್ಬರು ಹುಡುಗರು

ನಾರ್ನಿಯಾ ಮುಗಿಯೋ ಹೊತ್ತಿಗೆ ಲೂಯಿಸ್ ಜೀವನಕ್ಕೆ ಜಾಯ್ ಡೇವಿಡ್‌ಮನ್ ಬಂದಿದ್ದರು. ಅಮೆರಿಕದ ಲೇಖಕಿ, ಕಾಗದದಲ್ಲಿ ಶುರುವಾದ ಸ್ನೇಹ. ವಾದದಲ್ಲಿ ಲೂಯಿಸ್‌ಗೆ ಸರಿಸಾಟಿ. ಡೇವಿಡ್ ಮತ್ತು ಡಗ್ಲಸ್ ಅವರ ಇಬ್ಬರು ಮಕ್ಕಳು. 1956ರ ಏಪ್ರಿಲ್‌ನಲ್ಲಿ, ಜಾಯ್ ಇಂಗ್ಲೆಂಡಿನಲ್ಲಿ ಉಳಿಯೋಕೆ ಅನುಕೂಲ ಆಗಲಿ ಅಂತ, ಇಬ್ಬರೂ ರಿಜಿಸ್ಟರ್ ಮದುವೆ ಆದರು. ಅಕ್ಟೋಬರ್‌ನಲ್ಲಿ ಜಾಯ್ ಬಿದ್ದು ಕಾಲಿನ ಮೂಳೆ ಮುರಿಯಿತು. ಪರೀಕ್ಷೆ ಮಾಡಿದರೆ ಕ್ಯಾನ್ಸರ್.

1957ರ ಮಾರ್ಚ್‌ನಲ್ಲಿ ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲೇ ಪಾದ್ರಿಯನ್ನು ಕರೆಸಿ ಮದುವೆ ಮಾಡಿಕೊಂಡರು. ಸಾಯೋಕೆ ಅಂತ ಮನೆಗೆ ಕರೆತಂದ ಜಾಯ್ ಎದ್ದು ಓಡಾಡಿದರು! ಎರಡು ಮೂರು ವರ್ಷ ಆ ಮನೆಯಲ್ಲಿ ನಗು ಇತ್ತು. 1960ರ ಏಪ್ರಿಲ್‌ನಲ್ಲಿ ಇಬ್ಬರೂ ಗ್ರೀಸ್ ನೋಡಿ ಬಂದರು. ಅಷ್ಟರಲ್ಲಿ ಖಾಯಿಲೆ ವಾಪಸ್ ಬಂದಿತ್ತು. ಜುಲೈ 13ರಂದು ಜಾಯ್ ತೀರಿಕೊಂಡರು. ಮನೆಯಲ್ಲಿ ಉಳಿದವರು ಹದಿನಾರು ಮತ್ತು ಹದಿನಾಲ್ಕು ವರ್ಷದ ಇಬ್ಬರು ಹುಡುಗರು, ಮತ್ತು ಒಬ್ಬ ಅಪ್ಪ. ಐವತ್ತೆರಡು ವರ್ಷದ ಹಿಂದೆ ಬೆಲ್‌ಫಾಸ್ಟ್‌ನ ಮನೆಯಲ್ಲಿ ಇದ್ದ ಲೆಕ್ಕವೇ ಇಲ್ಲೂ. ಈ ಸಲ ಆಲ್ಬರ್ಟ್ ಜಾಗದಲ್ಲಿ ಜ್ಯಾಕ್. ಮಕ್ಕಳ ಹತ್ತಿರ ಅವರ ಅಮ್ಮನ ಬಗ್ಗೆ ಮಾತೆತ್ತೋದು ಎಷ್ಟು ಕಷ್ಟ ಅಂತ ಅವರಿಗೂ ಆಗ ಗೊತ್ತಾಯ್ತು.

ಆ ದಿನಗಳಲ್ಲಿ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟದ್ದನ್ನು 1961ರಲ್ಲಿ ಎ ಗ್ರೀಫ್ ಅಬ್ಸರ್ವ್ಡ್ ಅಂತ ಬೇರೆ ಹೆಸರಿನಲ್ಲಿ ಪ್ರಕಟಿಸಿದರು. ಅದರಲ್ಲಿ ದೇವರ ಮೇಲಿನ ಸಿಟ್ಟೂ ಇದೆ. ಬರೆದವರು ಯಾರು ಅಂತ ಗೊತ್ತಿಲ್ಲದ ಸ್ನೇಹಿತರು, ದುಃಖದಲ್ಲಿದ್ದೀರಿ, ಇದನ್ನು ಓದಿ ಅಂತ ಅದೇ ಪುಸ್ತಕವನ್ನು ಲೂಯಿಸ್‌ಗೇ ಕೊಟ್ಟರಂತೆ.

1963ರ ನವೆಂಬರ್ 22ರ ಸಂಜೆ, ಅರವತ್ತೈದು ತುಂಬೋಕೆ ಒಂದು ವಾರ ಇರುವಾಗ, ಲೂಯಿಸ್ ದಿ ಕಿಲ್ನ್ಸ್‌ನಲ್ಲಿ ತೀರಿಕೊಂಡರು. ಜೊತೆಗಿದ್ದವನು ವಾರ್ನಿ. ಅದೇ ದಿನ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆ ಆಯ್ತು. ಪೇಪರ್‌ಗಳಲ್ಲಿ ಲೂಯಿಸ್ ಸಾವಿಗೆ ಹೆಚ್ಚು ಜಾಗ ಸಿಗಲಿಲ್ಲ. ವಾರ್ನಿ ದುಃಖ ತಡೆಯೋಕಾಗದೆ ಕುಡಿದು ಮಲಗಿದ, ತಮ್ಮನ ಅಂತ್ಯಕ್ರಿಯೆಗೂ ಹೋಗಲಿಲ್ಲ.

ಸಮಾಧಿಯ ಕಲ್ಲಿನ ಮೇಲೆ ಏನು ಬರೆಸಬೇಕು ಅಂತ ತೀರ್ಮಾನಿಸಿದ್ದು ವಾರ್ನಿ. ನಾರ್ನಿಯಾದ್ದು ಏನೂ ಬರೆಸಲಿಲ್ಲ, ಬೈಬಲ್‌ನ ಸಾಲನ್ನೂ ಹಾಕಿಸಲಿಲ್ಲ. 1908ರ ಆಗಸ್ಟ್ 23ರಂದು ಅಪ್ಪನ ಕೋಣೆಯ ಕ್ಯಾಲೆಂಡರ್ ಹಾಳೆಯಲ್ಲಿದ್ದ ಷೇಕ್ಸ್‌ಪಿಯರ್ ಸಾಲನ್ನು ಕೆತ್ತಿಸಿದ. ಹತ್ತು ವರ್ಷದ ಮೇಲೆ ಅವನನ್ನೂ ಅದೇ ಕಲ್ಲಿನ ಕೆಳಗೆ ಮಲಗಿಸಿದರು. ಆಕ್ಸ್‌ಫರ್ಡ್ ಹತ್ತಿರ ಹೆಡಿಂಗ್ಟನ್ ಕ್ವಾರಿಯ ಹೋಲಿ ಟ್ರಿನಿಟಿ ಚರ್ಚಿನ ಅಂಗಳದಲ್ಲಿ ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ಇದ್ದಾರೆ.

ಮನೆಯ ಅಟ್ಟದಲ್ಲೋ ಹಳೇ ಪುಸ್ತಕದ ಡಬ್ಬಿಯಲ್ಲೋ ನಾರ್ನಿಯಾ ಇದ್ದರೆ ಈ ರಜೆಯಲ್ಲಿ ತೆಗೆಯಿರಿ. ಅರ್ಪಣೆಯ ಪುಟದಿಂದ ಶುರು ಮಾಡಿ.